ಮಾತು ಸೇರದ ಹುಳು

ನಟರಾಜುವಿಗೆ ಮನುಷ್ಯರನ್ನು ಕಂಡರೆ ದ್ವೇಷವೇನೂ ಇರಲಿಲ್ಲ. ಅವರು ಒಂದಿಷ್ಟು ದೂರದಲ್ಲಿದ್ದು, ಬಾಯಿ ಮುಚ್ಚಿಕೊಂಡು, ಬೇಗ ಎದ್ದು ಹೋಗುವುದಾದರೆ ಅವರಷ್ಟು ಒಳ್ಳೆಯವರು ಇನ್ನಿಲ್ಲ ಎಂದೇ ಅವನ ಅಭಿಪ್ರಾಯ. ತೊಂದರೆಯೆಂದರೆ, ಉಯ್ಯಂಬಳ್ಳಿ ಸೀಮೆಯಲ್ಲಿ ಹಾಗೆ ಹುಟ್ಟಿದವನು ಅವನೊಬ್ಬನೇ. ಮಿಕ್ಕವರೆಲ್ಲ ದಾರಿಯಲ್ಲಿ ಎದುರಾದರೆ ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಊಟ ಆಯ್ತಾ ಎಂಬಲ್ಲಿಂದ ಶುರುಮಾಡಿ ಅತ್ತಿಗೆಯ ತಂಗಿಯ ಆಪರೇಷನ್‌ವರೆಗೆ ಹೋಗುವ ಜನ.

ಇಂಥವನು ವ್ಯಾಪಾರ ಮಾಡಿ ಮುಂದೆ ಬಂದ ಎಂದರೆ ಕನಕಪುರದಲ್ಲಿ ಈಗಲೂ ಕೆಲವರು ನಂಬುವುದಿಲ್ಲ. ಅವರನ್ನು ದೂರುವಂತೆಯೂ ಇಲ್ಲ. ಮೊದಲು ಅಲ್ಲಿನ ಬಸ್ ನಿಲ್ದಾಣದ ಹಿಂದೆ ಅವನೊಂದು ಮೊಬೈಲ್ ಅಂಗಡಿ ಇಟ್ಟಿದ್ದ. ಗಿರಾಕಿ ಬಂದರೆ ಏನನ್ನೋ ಹುಡುಕುವವನಂತೆ ಕೌಂಟರ್ ಕೆಳಗೆ ಬಗ್ಗಿಬಿಡುತ್ತಿದ್ದ. ಅಂಗಡಿಯಲ್ಲಿ ಯಾರೂ ಇಲ್ಲವೆಂದು ಗಿರಾಕಿಗಳು ತಿರುಗಿ ಹೋಗುತ್ತಿದ್ದರು. ಒಬ್ಬ ಮಾತ್ರ, ಯಾರೂ ಇಲ್ಲವಲ್ಲ ಎಂದು ಚಾರ್ಜರ್ ಒಂದನ್ನು ಜೇಬಿಗೆ ಇಳಿಸಿಕೊಂಡ. ನಟರಾಜು ಅದನ್ನು ಕೆಳಗಿನಿಂದ ನೋಡುತ್ತಲೇ ಇದ್ದ. ಕೇಳಹೋದರೆ ಮಾತು ಬೆಳೆಯುತ್ತದೆಂದು ಸುಮ್ಮನೆ ಬಿಟ್ಟ.

ಅಂಗಡಿ ಮುಚ್ಚಿದ ಮೇಲೆ ಅವನ ಮಾವ ಚೆಲುವಯ್ಯ, ಅಳಿಯನನ್ನು ರಿಪೇರಿ ಮಾಡಿಸಬೇಕೆಂದು ರಾಮನಗರದ ಕಲ್ಯಾಣ ಮಂಟಪವೊಂದರಲ್ಲಿ ನಡೆಯುತ್ತಿದ್ದ ಶಿಬಿರಕ್ಕೆ ಕಳಿಸಿದ. ಬಿರುಬೇಸಿಗೆಯಲ್ಲಿ ಕೋಟು ತೊಟ್ಟ ಒಬ್ಬ ಮಹಾಶಯ, ಮಾತೇ ಬಂಡವಾಳ, ದಿನಾ ಕನ್ನಡಿ ಮುಂದೆ ನಿಂತು ಗಟ್ಟಿಯಾಗಿ ಮಾತಾಡಿ ಎಂದು ಬೆವರು ಸುರಿಸಿ ಬೋಧಿಸಿದ. ನಟರಾಜು ಮನೆಗೆ ಬಂದು ಕನ್ನಡಿ ಮುಂದೆ ನಿಂತ. ಎದುರಿಗೆ ನಿಂತವನು ಬಿಡದೆ ಮುಖವನ್ನೇ ನೋಡುತ್ತಿದ್ದುದರಿಂದ ಸಂಕೋಚವಾಗಿ ಹೊರಗೆ ಬಂದ. ಅಲ್ಲಿಗೆ ಆ ವಿದ್ಯೆ ಮುಗಿಯಿತು.

ಕೊನೆಗೆ ಕೈಹಿಡಿದದ್ದು ಹುಳು. ರೇಷ್ಮೆ ಬೆಳೆಯುವ ರೈತರು ಈಗೀಗ ಮೊಟ್ಟೆ ತಂದು ಮರಿ ಮಾಡುವ ಗೋಜಿಗೆ ಹೋಗುವುದಿಲ್ಲ. ಮೊಟ್ಟೆಯೊಡೆದ ಇರುವೆ ಗಾತ್ರದ ಮರಿಗಳನ್ನು ಬೇರೆ ಯಾರಾದರೂ ಎಳೆ ಹಿಪ್ಪುನೇರಳೆ ಸೊಪ್ಪು ಕೊಟ್ಟು ಎರಡು ಜ್ವರ ದಾಟಿಸಿ ಕೊಟ್ಟರೆ, ಅಲ್ಲಿಂದ ಮುಂದೆ ತಮ್ಮ ಮನೆಯಲ್ಲಿ ಸಾಕಿ ಗೂಡು ಕಟ್ಟಿಸುತ್ತಾರೆ. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಚರ್ಮ ಕಳಚಲು ಮಲಗುವುದು. ಹೀಗೆ ಮರಿ ಸಾಕಿ ಮಾರುವ ಕಡೆಗೆ ಚಾಕಿ ಮನೆ ಎನ್ನುತ್ತಾರೆ. ಚಾಕಿ ಮನೆಯ ಮೊದಲನೇ ನಿಯಮವನ್ನು ತರಬೇತಿಯಲ್ಲಿ ಕೇಳಿದಾಗ ನಟರಾಜುವಿನ ಕಣ್ಣಲ್ಲಿ ನೀರು ಬಂದಿತ್ತು: ಹೊರಗಿನವರನ್ನು ಒಳಗೆ ಬಿಡಬಾರದು. ಹೊರಗಿನವರ ಕಾಲಲ್ಲಿ ರೋಗ ಬರುತ್ತದೆ. ಜನರನ್ನು ದೂರ ಇಡುವುದೇ ಕಸುಬಿನ ಧರ್ಮವಾಗಿರುವ ಇಂಥದೊಂದು ಕಸುಬು ಲೋಕದಲ್ಲಿದೆಯೆಂದು ಇಷ್ಟು ದಿನ ಯಾರೂ ತನಗೆ ಹೇಳಲಿಲ್ಲವಲ್ಲ ಎಂದು ಅವನಿಗೆ ಬೇಸರವೂ ಆಯಿತು.

ತೋಟದ ನಡುವೆ ಚಾಕಿ ಮನೆ ಕಟ್ಟಿದ. ಫೋನು, ಆರ್ಡರು, ವಸೂಲಿ ಎಲ್ಲ ಹೆಂಡತಿ ರಮ್ಯಾಳ ಪಾಲು. ಅವಳು ಅಪ್ಪನ ಮಗಳು, ಮಾತಿಗೆ ನಿಂತರೆ ನಾಲ್ಕಾಳಿಗೆ ಸಮ. ಒಳಗೆ ಅವನು, ಸಾವಿರಾರು ಹುಳು, ಮತ್ತು ಅವು ಸೊಪ್ಪು ಮೇಯುವ ಸಣ್ಣ ಸದ್ದು. ಅವನಿಗೆ ಅದಕ್ಕಿಂತ ದೊಡ್ಡ ಸುಖ ಬೇಕಿರಲಿಲ್ಲ. ಹುಳು ಮಾತ್ರ ಅಚ್ಚುಕಟ್ಟಾಗಿ ಸಾಕುತ್ತಿದ್ದ. ರಾತ್ರಿ ಎದ್ದು ಕಾವು ನೋಡುತ್ತಿದ್ದ. ಬ್ಲೀಚಿಂಗ್ ಪೌಡರ್ ತುಳಿಯದೆ ರಮ್ಯಾಳೂ ಒಳಗೆ ಕಾಲಿಡುವಂತಿರಲಿಲ್ಲ.

ಆದರೆ ಒಬ್ಬ ಮನುಷ್ಯನಿಗೆ ಬ್ಲೀಚಿಂಗ್ ಪೌಡರ್ ನಾಟಲಿಲ್ಲ. ಚೆಲುವಯ್ಯ ಒಂದು ಕಾಲಕ್ಕೆ ಗ್ರಾಮ ಪಂಚಾಯಿತಿ ಮೆಂಬರ್ ಆಗಿದ್ದವನು. ಮೆಂಬರಗಿರಿ ಹೋದರೂ ಭಾಷಣ ಹೋಗಿರಲಿಲ್ಲ. ದಿನಾ ಬೆಳಿಗ್ಗೆ ಕಾಲು ತೊಳೆದು, ಪೌಡರ್ ತುಳಿದು, ನಿಯಮದ ಪ್ರಕಾರವೇ ಒಳಗೆ ಬಂದು, ಸ್ಟೂಲಿನ ಮೇಲೆ ಕೂತು, ತಾನು ಒಂಟಿ ಸಲಗವನ್ನು ಟಾರ್ಚಿನಿಂದ ಹೆದರಿಸಿ ಕಾಡಿಗೆ ಅಟ್ಟಿದ ಕಥೆ ಹೇಳುತ್ತಿದ್ದ. ಶುರುವಿನಲ್ಲಿ ಅದೊಂದು ಮರಿಯಾನೆಯಾಗಿತ್ತು. ಅಳಿಯ ಬಾಯಿಬಿಟ್ಟು ಆಕ್ಷೇಪಿಸುವವನಲ್ಲವಾದ್ದರಿಂದ ದಿನೇದಿನೇ ಬೆಳೆದು ಸಲಗವಾಯಿತು.

ಒಂದು ದಿನ, ಆನೆ ಇನ್ನೇನು ಹಿಂಡಾಗುವುದರಲ್ಲಿತ್ತು, ನಟರಾಜುವಿನ ಬಾಯಿಂದ ತಾನಾಗಿ ಒಂದು ಮಾತು ಬಿದ್ದುಹೋಯಿತು.

"ಮಾವ, ಇಲ್ಲಿ ಮಾತಾಡ್ಬ್ಯಾಡಿ. ಹುಳಕ್ಕೆ ಆಗಕಿಲ್ಲ."

ಚೆಲುವಯ್ಯ ಬೆಚ್ಚಿದ. "ಏನಾಯ್ತದೆ?"

"ಸಾಯ್ತವೆ."

ಅದು ಅವನ ಬದುಕಿನ ಮೊದಲ ಸುಳ್ಳೇನಲ್ಲ, ಆದರೆ ಇಷ್ಟು ಚೆನ್ನಾಗಿ ಕೆಲಸ ಮಾಡಿದ ಸುಳ್ಳು ಇದೇ ಮೊದಲು. ಚೆಲುವಯ್ಯ ತುದಿಗಾಲಲ್ಲಿ ಎದ್ದು ಹೋದವನು ಮತ್ತೆ ಒಳಗೆ ಬರಲಿಲ್ಲ. ಹೊರಗೆ ಹೋಗಿ ಸುಮ್ಮನಿದ್ದನೇ? ಹುಳುವಿಗೆ ಕಿವಿಯಿಲ್ಲ ನಿಜ, ಆದರೆ ಮೈಯೆಲ್ಲ ಕಿವಿ, ಒಂದು ಮಾತಾಡಿದರೆ ಒಂದು ಹುಳುವಿನ ನೂಲು ಸೊರಗುತ್ತದೆ, ನಮ್ಮ ಅಳಿಯಂದಿರು ಅದಕ್ಕೇ ಮೌನದಲ್ಲಿ ಸಾಕುತ್ತಾರೆ ಎಂದು ಸಾತನೂರು, ಕೋಡಿಹಳ್ಳಿ, ಉಯ್ಯಂಬಳ್ಳಿಯ ಟೀ ಅಂಗಡಿಗಳಲ್ಲೆಲ್ಲ ಸಾರಿದ. ಬಾಯಿಲ್ಲದವನ ವ್ಯಾಪಾರಕ್ಕೆ ಇಡೀ ಹೋಬಳಿಯ ಅತಿ ದೊಡ್ಡ ಬಾಯಿ ಪುಕ್ಕಟೆಯಾಗಿ ದುಡಿಯತೊಡಗಿತು. 'ಮೌನದ ಚಾಕಿ' ಎಂದು ಹೆಸರೂ ಬಿತ್ತು. ವಾಟ್ಸಾಪ್‌ನಲ್ಲಿ ಮಾಗಡಿ ಕಡೆಯ ಕುದೂರಿನವರೆಗೆ ಹೋಯಿತು. ಅಲ್ಲಿಂದಲೂ ಟೆಂಪೋ ಬಂದವು.

ನಿಜಕ್ಕೂ ಅವನ ಹುಳುಗಳು ಚೆನ್ನಾಗಿದ್ದವು, ಅದು ಚೊಕ್ಕಟತನದ ಫಲ. ಆದರೆ ಬ್ಲೀಚಿಂಗ್ ಪೌಡರ್ ಬಗ್ಗೆ ಯಾರು ಟೀ ಅಂಗಡಿಯಲ್ಲಿ ಮಾತಾಡುತ್ತಾರೆ? ರೈತರು ಚಾಕಿಯ ಜೊತೆಗೆ ಮೌನವನ್ನೂ ಮನೆಗೆ ಒಯ್ದರು. ಹುಳು ಇರುವಷ್ಟು ದಿನ ಹುಳದ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಗಂಡ ಹೆಂಡಿರ ಜಗಳ ಬಂದ್. ಅತ್ತೆಯರ ಬೈಗುಳ ಬಂದ್. ಇದರ ರುಚಿ ಮೊದಲು ಹತ್ತಿದ್ದು ಸೊಸೆಯರಿಗೆ. ಬೆಳೆಯಿಂದ ಬೆಳೆಗೆ, ಮೌನದ ಚಾಕಿಯನ್ನೇ ತರಬೇಕೆಂದು ಅವರೇ ಗಂಡಂದಿರಿಗೆ ದುಂಬಾಲು ಬಿದ್ದರು. ವಿಷಯ ಕೇಳಿ ರಮ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳೊಬ್ಬಳಿಗೆ ಅದು ಸುಳ್ಳೆಂದು ಗೊತ್ತಿತ್ತು.

ಹೀಗೆ ಮೂರು ವರ್ಷ ಎಲ್ಲ ಸೊಗಸಾಗಿ ನಡೆಯಿತು. ನಾಲ್ಕನೆಯ ವರ್ಷ ಶಿವಲಿಂಗಮ್ಮನ ಮನೆಯಲ್ಲಿ ಹುಳು ಸತ್ತವು.

ಶಿವಲಿಂಗಮ್ಮ ಪಕ್ಕದ ಊರಿನ ದೊಡ್ಡ ಒಕ್ಕಲುಗಿತ್ತಿ, ನಟರಾಜುವಿನ ಹಳೆಯ ಗಿರಾಕಿ. ಗಂಡ ತೀರಿಕೊಂಡ ಮೇಲೆ ಮನೆ, ತೋಟ, ಟೆಂಪೋ ಓಡಿಸುವ ಮಗ, ಮೂರನ್ನೂ ಒಂದೇ ದನಿಯಲ್ಲಿ ಗದರಿಸಿಕೊಂಡು ಬಂದವಳು. ಹೋದ ವರ್ಷ ಜಯಶೀಲ ಎಂಬ ಸೊಸೆ ಬಂದಿದ್ದಳು, ಮಾಗಡಿ ಕಡೆ ಸಾವನದುರ್ಗದ ಬುಡದ ಹುಡುಗಿ. ನಾಲ್ಕನೇ ಜ್ವರ ಎದ್ದು ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕಾದ ಹುಳುಗಳು ಸಾಯತೊಡಗಿದಾಗ ಶಿವಲಿಂಗಮ್ಮ ನಟರಾಜುವಿಗೆ ಹೇಳಿಕಳಿಸಿದಳು.

ಅವನು ಹೋಗಿ ನೋಡಿದ. ಹುಳುಗಳು ತಲೆ ಮೇಲೆತ್ತಿ ಹಾಗೇ ಮರಗಟ್ಟಿದ್ದವು, ಬಾಯಿಂದ ಕಂದು ನೀರು ಕಕ್ಕಿದ್ದವು. ಹೊಗೆಸೊಪ್ಪಿನ ವಿಷ ತಗುಲಿದರೆ ಹುಳು ಸಾಯುವುದು ಹೀಗೆಯೇ, ಬೇರೆ ರೀತಿ ಅಲ್ಲ. ಪಕ್ಕಕ್ಕೆ ನೋಡಿದರೆ ಶಿವಲಿಂಗಮ್ಮನ ದವಡೆ ಉಬ್ಬಿಕೊಂಡಿತ್ತು. ಅಂಗೈಯಲ್ಲಿ ಹೊಗೆಸೊಪ್ಪು, ಸುಣ್ಣ ತಿಕ್ಕಿದ ಹಳದಿ ಹಾಗೇ ಇತ್ತು. ಅದೇ ಕೈಯಲ್ಲಿ ಹುಳುವಿಗೆ ಸೊಪ್ಪು ಹಾಸುತ್ತಿದ್ದಳು. ಎಲೆಅಡಿಕೆ ಹೊಗೆಸೊಪ್ಪು ಅವಳಿಗೆ ಹೊಸದಲ್ಲ, ಊಟವಾದ ಮೇಲೆ ಜಗಲಿಯಲ್ಲಿ ಹಾಕುವ ರೂಢಿ. ಆದರೆ ಹುಳದ ಮನೆಯಲ್ಲಿ ಇಡೀ ದಿನ ಬಾಯಿ ಮುಚ್ಚಿಕೊಂಡಿರಬೇಕೆಂದರೆ ಅಂಥ ಬಾಯಿಗೆ ಏನಾದರೂ ಕೆಲಸ ಬೇಕಲ್ಲ. ಹಿಂದಿನ ಬೆಳೆಗಳಲ್ಲಿ ಹೇಗೋ ಹಲ್ಲು ಕಚ್ಚಿ ತಡೆದಿದ್ದಳು, ಈ ಸಲ ಮಾತು ತಡೆಯಲು ಹೊಗೆಸೊಪ್ಪು ತುಂಬಿಕೊಂಡಿದ್ದಳು, ಬೆಳಿಗ್ಗೆಯಿಂದ ಸಂಜೆವರೆಗೆ. ನಟರಾಜುವಿಗೆ ನಿಂತಲ್ಲೇ ಎಲ್ಲ ಅರ್ಥವಾಯಿತು. ಹುಳುಗಳನ್ನು ಕೊಂದದ್ದು ಹೊಗೆಸೊಪ್ಪು, ಆ ಹೊಗೆಸೊಪ್ಪನ್ನು ಅವಳ ಬಾಯಿಗಿಟ್ಟದ್ದು ತನ್ನ ಸುಳ್ಳು.

ಹೇಳಬೇಕಿತ್ತು. ಅಲ್ಲೇ, ಆಗಲೇ ಹೇಳಬೇಕಿತ್ತು. ಆದರೆ ಶಿವಲಿಂಗಮ್ಮನಿಗೆ ನಿನ್ನದೇ ತಪ್ಪು ಎನ್ನುವುದೆಂದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಅವನು ಎಂದಿನಂತೆ ನೆಲ ನೋಡಿ, "ಇನ್ನೊಂದು ಸಲ ಚಾಕಿ ಕೊಡ್ತೀನಿ," ಎಂದಷ್ಟೇ ಹೇಳಿ ಗಾಡಿ ಹತ್ತಿದ.

ಆ ಮೌನವೇ ಸಾಕಾಯಿತು. ಎರಡು ದಿನದಲ್ಲಿ ರಮ್ಯಾ ಸುದ್ದಿ ತಂದಳು.

"ಜಯಶೀಲ ಹುಳದ ಮನೇಲಿ ಫೋನಲ್ಲಿ ಅವರವ್ವನ ಜೊತೆ ನಗಾಡ್ತಿದ್ಲಂತೆ. ಅದಕ್ಕೇ ಹುಳ ಸತ್ತೋದ್ವು ಅಂತ ತೀರ್ಮಾನ ಆಗ್ಬುಟ್ಟೈತೆ. ಚಾಕಿ ಕೊಟ್ಟ ನಟರಾಜೂನೇ ನೋಡಿ ಏನೂ ಮಾತಾಡ್ದೆ ಹೋದ, ಇನ್ನೇನು ಬೇಕು ಅಂತಾವ್ರೆ. ಆ ಹುಡುಗಿ ಕಾಲಿಟ್ಟ ಗಳಿಗೆ ಸರಿಯಿಲ್ವಂತೆ. ತವರಿಗೆ ಬಿಟ್ಟು ಬಾ ಅಂತ ಮಗನಿಗೆ ಹೇಳವ್ರೆ. ನಾಳೆ ಸಂಜೆ ಪಂಚಾಯ್ತಿ. ನಮ್ಮಪ್ಪನೇ ದೊಡ್ಡೋರು."

ನಟರಾಜು ಹೊಗೆಸೊಪ್ಪಿನ ವಿಷಯ ಹೇಳಿದ.

"ನೀನೇ ಹೇಳ್ಬುಡು ನಿಮ್ಮಪ್ಪಂಗೆ," ಎಂದ ನಟರಾಜು. ಕಷ್ಟದ ಮಾತೆಲ್ಲ ಅವಳೇ ಆಡುವುದು ಆ ಮನೆಯ ಪದ್ಧತಿ.

"ಆರ್ಡರ್ ತಕ್ಕೊಂಡಿದೀನಿ, ಸಾಲಗಾರರನ್ನ ಬಯ್ದಿದೀನಿ, ನಿಮ್ಮ ಅಕ್ಕಂದಿರಿಗೂ ನಾನೇ ಉತ್ರ ಕೊಟ್ಟಿದೀನಿ," ಎಂದಳು ರಮ್ಯಾ. "ಇದೊಂದು ಮಾತ್ರ ನಾನು ಆಡಿದ್ರೆ ಆಗಕಿಲ್ಲ. ಸುಳ್ಳು ಹೇಳಿದ್ದು ನಿಮ್ಮ ಬಾಯಿ. ಇದೂ ಅಲ್ಲಿಂದ್ಲೇ ಬರ್ಬೇಕು."

"ವ್ಯಾಪಾರ ಹೋಯ್ತದೆ."

"ಹೋಗ್ಲಿ. ಆ ಮಗೀಗೆ ಇನ್ನೂ ಇಪ್ಪತ್ತೆರಡು ವರ್ಷ."

ನಟರಾಜುವಿಗೆ ಹೆದರಿಕೆಯಾದದ್ದು ವ್ಯಾಪಾರ ಹೋಗುತ್ತದೆಂದು ಮಾತ್ರವಲ್ಲ. ಆ ಸುಳ್ಳು ಅವನ ಸುತ್ತ ಕಟ್ಟಿಕೊಂಡ ಗೋಡೆ. ಅದು ಬಿದ್ದರೆ ಇಡೀ ಹೋಬಳಿ ಸ್ಟೂಲು ಹಾಕಿಕೊಂಡು ಒಳಗೆ ಕೂರುತ್ತದೆ. ಬೆಳಗಾದರೆ ಆನೆ. ಆದರೂ, ತಲೆಯೆತ್ತಿ ಮರಗಟ್ಟಿದ ಆ ಹುಳುಗಳ ಪಕ್ಕ ಬಾಗಿಲಿಗೆ ಅಂಟಿ ನಿಂತಿದ್ದ ಜಯಶೀಲಳ ಮುಖ ನೆನಪಾದಾಗಲೆಲ್ಲ ಅವನಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು. ಅವಳು ಅವನನ್ನೇ ನೋಡುತ್ತಿದ್ದಳು, ಇವನಾದರೂ ಏನಾದರೂ ಹೇಳುತ್ತಾನೇನೋ ಎಂದು.

ಮಾರನೆಯ ಸಂಜೆ ಶಿವಲಿಂಗಮ್ಮನ ಜಗಲಿ ತುಂಬಿತ್ತು. ಚೆಲುವಯ್ಯ ಕುರ್ಚಿಯಲ್ಲಿ ಕೂತು, ಪಂಚಾಯಿತಿ ಎಂದರೇನು ಎಂಬಲ್ಲಿಂದ ಆರಂಭಿಸಿದ್ದ. ಜಯಶೀಲಳ ಬ್ಯಾಗು ಆಗಲೇ ತುಂಬಿ ಬಾಗಿಲ ಪಕ್ಕ ಇಟ್ಟಿತ್ತು. ಗಂಡ ಟೆಂಪೋ ಬೀಗದಕೈಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತ, ಇದೆಲ್ಲ ಯಾರದೋ ಮನೆಯ ವಿಷಯವೆಂಬಂತೆ ನಿಂತಿದ್ದ. ನಟರಾಜು ಎದ್ದು ನಿಂತಾಗ, ಒಬ್ಬಿಬ್ಬರು ಅವನಿಗೆ ಬಯಲಿಗೆ ಹೋಗಬೇಕಾಗಿದೆಯೆಂದು ತಿಳಿದು ದಾರಿ ಬಿಟ್ಟರು.

"ಸುಳ್ಳು," ಎಂದ ನಟರಾಜು.

"ಯಾವ್ದು ಸುಳ್ಳು ಅಳಿಯಂದ್ರೇ?" ಎಂದ ಚೆಲುವಯ್ಯ.

"ಮಾತಾಡಿದ್ರೆ ಹುಳ ಸಾಯ್ತವೆ ಅಂದದ್ದು. ಏನೂ ಆಗಕಿಲ್ಲ. ನೀವು ದಿನಾ ಬಂದು ಮಾತಾಡ್ತಿದ್ರಿ. ತಡೀನಾರ್ದೆ ಹೇಳ್ದೆ."

ಜಗಲಿಯ ಮೇಲೆ ಹುಳದ ಮನೆಯಷ್ಟೇ ಮೌನ. ಚೆಲುವಯ್ಯನ ಮುಖದಲ್ಲಿ ಏನೇನೋ ಬಂದು ಹೋಯಿತು. ಮೂರು ವರ್ಷ ಹೋಬಳಿಯೆಲ್ಲ ಸಾರಿದ್ದು ತನ್ನ ಕಾಟ ತಪ್ಪಿಸಿಕೊಳ್ಳಲು ಅಳಿಯ ಹೇಳಿದ ಸುಳ್ಳು ಎಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನುಷ್ಯ ಅವನಲ್ಲ. ಒಂದೇ ಕ್ಷಣದಲ್ಲಿ ದಾರಿ ಕಂಡುಕೊಂಡ.

"ನೋಡ್ರಪ್ಪ ನಮ್ಮ ಅಳಿಯನ ದೊಡ್ಡತನವ. ಒಂದು ಹೆಣ್ಣುಮಗಳ ಸಂಸಾರ ಉಳೀಲಿ ಅಂತ ತನ್ನ ಮೇಲೆ ಹಾಕ್ಕೋತಾವ್ನೆ," ಎಂದ. ಎಲ್ಲರೂ ಹೌದು ಹೌದೆಂದು ತಲೆದೂಗಿದರು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು.

ಜನ್ಮದಲ್ಲಿ ಒಮ್ಮೆ ಬಾಯಿಬಿಟ್ಟು ನಿಜ ಹೇಳಿದರೆ ಅದಕ್ಕೂ ಹೀಗಾಯಿತಲ್ಲ ಎಂದು ನಟರಾಜುವಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಮಾತು ಸುಲಭವಾಗುತ್ತದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. "ಹುಳ ಸತ್ತದ್ದು ಹೊಗೆಸೊಪ್ಪಿಗೆ," ಎಂದ. "ಶಿವಲಿಂಗಮ್ಮೋರ ಕೈ ನೋಡಿ."

ಶಿವಲಿಂಗಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಏನ್ಲಾ ಅಂದೆ? ಮದ್ವೆಯಾಗಿ ಬಂದಾಗ್ಲಿಂದ ಹಾಕ್ತಾ ಇವ್ನಿ. ಅವತ್ತೆಲ್ಲ ಸಾಯ್ದಿದ್ದ ಹುಳ ಇವತ್ತು ಸತ್ತೋದ್ವಾ?"

"ಅವತ್ತೆಲ್ಲ ಹುಳದ ಮನೇಲಿ ನಿಮ್ಮ ಬಾಯಿ ತುಂಬಾ ಬೈಗುಳ ಇರ್ತಿತ್ತು. ಹೊಗೆಸೊಪ್ಪಿಗೆ ಜಾಗ ಇರ್ಲಿಲ್ಲ. ನಾನು ಬೈಗುಳ ತಪ್ಪಿಸ್ದೆ, ನೀವು ಹೊಗೆಸೊಪ್ಪು ತುಂಬ್ಕೊಂಡ್ರಿ. ತಪ್ಪು ನಂದೇ, ಆ ಹುಡುಗಿದಲ್ಲ."

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಶಿವಲಿಂಗಮ್ಮನ ಮುಖ ಕೆಂಪಾಯಿತು, ಆದರೆ ಅವಳು ದಡ್ಡಿಯಲ್ಲ. "ಬಾಯಲ್ಲಿ ಯಾರಾದ್ರೂ ಏನಾದ್ರೂ ಹೇಳ್ಬೋದು," ಎಂದಳು. "ತೋರ್ಸು. ಇದೇ ಮನೇಲಿ ಇನ್ನೊಂದು ಬೆಳೆ ಮಾಡಿ ತೋರ್ಸು. ಇವಳೇ ಸಾಕ್ಲಿ. ನಾನು ಒಳಗೆ ಕಾಲಿಡಕಿಲ್ಲ. ಹೊತ್ತಾರೆಯಿಂದ ಬೈಗಿನವರ್ಗೂ ಒಳಗೆ ಮಾತು ನಡೀಲಿ. ಗೂಡು ಕಟ್ಟಿದ್ರೆ ಇರ್ಲಿ. ಸತ್ರೆ ಬ್ಯಾಗು ಎಂಗೂ ತುಂಬೈತೆ."

ನ್ಯಾಯವೇ ಅನಿಸಿತು ಎಲ್ಲರಿಗೂ. ಆದರೆ ಮಾತಾಡುವವರು ಯಾರು? ಜಯಶೀಲ ಹೆದರಿ ನಾಲಿಗೆಯನ್ನೇ ನುಂಗಿದಂತಿದ್ದಳು. ಎಲ್ಲರ ಕಣ್ಣೂ ಸಹಜವಾಗಿಯೇ ಚೆಲುವಯ್ಯನ ಕಡೆ ತಿರುಗಿತು. ಅವನು, ತನಗೆ ಗಂಟಲು ನೋವೆಂದು, ಡಾಕ್ಟರು ಕಡಿಮೆ ಮಾತಾಡಿ ಅಂದಿದ್ದಾರೆಂದು, ಅದನ್ನೇ ತುಂಬ ಹೊತ್ತು ವಿವರಿಸಿದ. ಹುಳು ಸತ್ತರೆ ತನ್ನ ತಲೆಗೆ ಬರುತ್ತದೆಂಬುದು ಅವನಿಗೂ ಗೊತ್ತು, ಮಿಕ್ಕವರಿಗೂ ಗೊತ್ತು.

"ನಾನು ಮಾತಾಡ್ತೀನಿ," ಎಂದ ನಟರಾಜು. ಹೇಳಿದ ಮೇಲೆ, ಇದನ್ನು ಹೇಳಿದವನು ಯಾರೆಂದು ತಾನೇ ಒಮ್ಮೆ ಹಿಂದೆ ತಿರುಗಿ ನೋಡಿದ.

ಹೊಸ ಚಾಕಿ ಬಂತು. ಬ್ಲೀಚಿಂಗ್ ಪೌಡರಿನಲ್ಲಿ ಮನೆಯನ್ನು ತೊಳೆದು ಒಣಗಿಸಿ, ಹುಳು ಬಿಟ್ಟು, ನಟರಾಜು ಸ್ಟೂಲಿನ ಮೇಲೆ ಕೂತ. ಮೊದಲ ದಿನ ಬ್ಲೀಚಿಂಗ್ ಪೌಡರ್ ಚೀಲದ ಮೇಲೆ ಬರೆದಿದ್ದನ್ನು ಗಟ್ಟಿಯಾಗಿ ಓದಿದ. ಅದು ಮುಗಿದ ಮೇಲೆ ಮಗ್ಗಿ. ಮಗ್ಗಿ ಮುಗಿದ ಮೇಲೆ ಕನಕಪುರದಿಂದ ಉಯ್ಯಂಬಳ್ಳಿವರೆಗೆ ಬಸ್ಸು ನಿಲ್ಲುವ ಊರುಗಳು, ಆಮೇಲೆ ಅದೇ ಊರುಗಳು ಹಿಂದುಮುಂದಾಗಿ. ಸಂಜೆಗೆ ಗಂಟಲು ಕಟ್ಟಿತು. ಜಯಶೀಲ ಒಂದು ಮಾತೂ ಆಡದೆ ಸೊಪ್ಪು ಹಾಕಿದಳು. ಮಾರನೇ ದಿನವೂ ಅದೇ. ಮೂರನೇ ಜ್ವರಕ್ಕೆ ಹುಳುಗಳು ಮಲಗುವ ಹೊತ್ತಿಗೆ ಪರರ ಮಾತೆಲ್ಲ ಖಾಲಿಯಾಗಿ, ಹೇಳಲು ಅವನ ಸ್ವಂತದ್ದಷ್ಟೇ ಉಳಿಯಿತು.

ಮೂವತ್ತೈದು ವರ್ಷ ಒಳಗೇ ಇಟ್ಟುಕೊಂಡಿದ್ದದ್ದು ಹೊರಗೆ ಬರತೊಡಗಿತು. ಮದುವೆ ಮನೆಗಳಲ್ಲಿ ಕೈ ಹಿಡಿದವರು ಬಿಡುವುದಿಲ್ಲ, ಕೈಯನ್ನು ಅವರಿಗೇ ಬಿಟ್ಟು ಹೋಗೋಣವೆನಿಸುತ್ತದೆ ಎಂದ. ಊಟ ಆಯ್ತಾ ಎಂದು ಕೇಳುವವರಲ್ಲಿ ಇದುವರೆಗೆ ಒಬ್ಬರೂ ಊಟ ಹಾಕಿಲ್ಲ ಎಂದ. ಕೋಟಿನ ಮಹಾಶಯನನ್ನು ಬೈದ. ಮಾವನ ಆನೆ ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ ಎಂಬುದನ್ನು ಹಂತ ಹಂತವಾಗಿ ಹೇಳಿದ. ಊರಿನ ಒಬ್ಬೊಬ್ಬರ ಬಗ್ಗೆಯೂ ಅವನಿಗೆ ಇಷ್ಟೊಂದು ಅಭಿಪ್ರಾಯಗಳಿವೆಯೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುತ್ತಲೇ ಕಿಟಕಿಯ ಹೊರಗೆ ಜನ ಸೇರಿದರು. ಪಕ್ಕದ ಮನೆಯವನ ಸರದಿ ಬಂದಾಗ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ತಮ್ಮ ಸರದಿ ಬಂದಾಗ ಸೊಪ್ಪು ಕೊಯ್ಯಲು ಹೊತ್ತಾಯಿತೆಂದು ಹೊರಡುತ್ತಿದ್ದರು. ಚೆಲುವಯ್ಯ ಆನೆಯ ದಿನದ ನಂತರ ಆ ಕಡೆ ಸುಳಿಯಲಿಲ್ಲ.

ಒಂದು ಮಧ್ಯಾಹ್ನ ಜನ ಯಾರೂ ಇರಲಿಲ್ಲ. "ಎಲ್ರ ಮಾತೂ ನಂಗೆ ಸುಸ್ತು," ಎನ್ನುತ್ತಿದ್ದ ನಟರಾಜು, ಹುಳುಗಳಿಗೆ. "ನಮ್ಮ ರಮ್ಯಾ ಒಬ್ಳು ಎಷ್ಟು ಮಾತಾಡಿದ್ರೂ ಸುಸ್ತಾಗಕಿಲ್ಲ. ಅವಳು ಒಳಮನೇಲಿ ಫೋನಲ್ಲಿ ಯಾರನ್ನೋ ಬಯ್ತಿದ್ರೆ ನಂಗೆ ಧೈರ್ಯ. ಅವಳು ತವರಿಗೆ ಹೋದ ದಿನ ನಂಗೆ ಈ ಮೌನ ಸೇರಕಿಲ್ಲ. ಹೇಳ್ಬೇಕು ಅಂತ ಎಷ್ಟೋ ಸಲ ಅನ್ಕೋತೀನಿ."

ತಿರುಗಿ ನೋಡಿದರೆ ರಮ್ಯಾ ಊಟದ ಕ್ಯಾರಿಯರ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾಲ್ಕಾಳಿಗೆ ಸಮನಾದ ಆ ಹೆಂಗಸು ಒಂದಕ್ಷರ ಆಡದೆ ಕ್ಯಾರಿಯರ್ ಇಟ್ಟು, ಅವನ ಹೆಗಲ ಮೇಲಿದ್ದ ಸೊಪ್ಪಿನ ಚೂರು ತೆಗೆದುಹಾಕಿ, ಹೋದಳು. ಅಂದು ರಾತ್ರಿಯವರೆಗೂ ಅವಳು ಯಾರಿಗೂ ಫೋನು ಮಾಡಲಿಲ್ಲ.

ನಾಲ್ಕನೇ ಜ್ವರ ಎದ್ದ ದಿನ ನಟರಾಜುವಿನ ಜೀವ ಹೋಗಿ ಬಂತು. ಒಂದು ಮೂಲೆಯ ಹುಳುಗಳು ಸೊಪ್ಪು ಮುಟ್ಟದೆ ತಲೆ ಎತ್ತಿ ಕೂತಿದ್ದವು. ಕಿಟಕಿಯಲ್ಲಿ ಶಿವಲಿಂಗಮ್ಮ ಕತ್ತು ಚಾಚಿ ನೋಡುತ್ತಿದ್ದಳು. ಇವು ಸತ್ತರೆ ಆ ಹುಡುಗಿಯನ್ನು ಇನ್ನು ಯಾವ ನಿಜವೂ ಉಳಿಸುವುದಿಲ್ಲ. ಬಾಯಿ ಮುಚ್ಚಿದರೆ ಮಾತಿಗೇ ಹುಳು ಸಾಯುತ್ತವೆಂದು ತಾನೇ ಒಪ್ಪಿಕೊಂಡಂತೆ. ಒಡೆದ ಗಂಟಲಲ್ಲೇ ಇನ್ನೂ ಜೋರಾಗಿ, ಏನು ಹೇಳುತ್ತಿದ್ದೇನೆಂಬ ಅರಿವಿಲ್ಲದೆ ಬಡಬಡಿಸತೊಡಗಿದ.

"ಅಣ್ಣ," ಎಂದಳು ಜಯಶೀಲ. ಇಷ್ಟು ದಿನಕ್ಕೆ ಅವಳ ಮೊದಲ ಮಾತು ಅದು. "ಒಸಿ ಸುಮ್ಕಿರಿ. ತಲೆ ಸಿಡೀತೈತೆ. ಅವಕ್ಕೇನೂ ಆಗಿಲ್ಲ, ಆ ಮೂಲೇವು ತಡವಾಗಿ ಏಳ್ತಾವೆ ಅಷ್ಟೇಯ."

ನಟರಾಜು ಬಾಯಿ ಮುಚ್ಚಿದ. ಅವಳನ್ನು ಉಳಿಸಲೆಂದು ಜನ್ಮದ ಮಾತೆಲ್ಲ ಸುರಿದರೆ, ಅವಳೇ ಸುಮ್ಮನಿರು ಎಂದಳಲ್ಲ ಎಂದು ಒಂದು ಗಳಿಗೆ ಮುಖ ಸಪ್ಪಗಾಯಿತು. ಮರುಗಳಿಗೆಗೇ, ಇಷ್ಟು ಸಿಹಿಯಾದ ಮಾತನ್ನು ತನಗೆ ಯಾರೂ ಹೇಳಿರಲಿಲ್ಲ ಅನಿಸಿತು. ಮಾತು ನಿಲ್ಲಬಾರದೆಂಬ ಷರತ್ತು ಇತ್ತಲ್ಲ, ಅದನ್ನು ಜಯಶೀಲಳೇ ಎತ್ತಿಕೊಂಡಳು. ಸಾವನದುರ್ಗ ಹತ್ತಲು ಬಂದು ಅರ್ಧಕ್ಕೇ ಅತ್ತುಕೊಂಡು ಕೂರುವ ಬೆಂಗಳೂರಿನವರ ಕಥೆಗಳು, ಅವ್ವನ ಕಥೆಗಳು, ಗಂಡ ಟೆಂಪೋ ಹಿಂದೆ ತೆಗೆಯುವಾಗ ಕೆಡವಿದ ಗೋಡೆಗಳ ಕಥೆ. ಸಂಜೆಗೆ ಆ ಮೂಲೆಯ ಹುಳುಗಳು ಎದ್ದು ಮೇಯತೊಡಗಿದವು. ನಟರಾಜು ಗೋಡೆಗೊರಗಿ ಕಣ್ಣು ಮುಚ್ಚಿದ.

ಹುಳು ಹಣ್ಣಾದವು, ಗೂಡು ಕಟ್ಟಲು ಇಟ್ಟ ಬಿದಿರಿನ ಚಂದ್ರಿಕೆ ಏರಿದವು, ಗೂಡು ಕಟ್ಟಿದವು. ರಾಮನಗರದ ಮಾರುಕಟ್ಟೆಗೆ ಗೂಡು ಒಯ್ದಾಗ, ಗೂಡು ಕೊಂಡು ನೂಲು ತೆಗೆಸುವ ಹಳೇ ರೀಲರ್ ಮುಕ್ತಿಯಾರ್ ಸಾಹೇಬರು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಅಮುಕಿ ನೋಡಿದರು. ಹೋಬಳಿಯ ಸುದ್ದಿ ಅವರಿಗೂ ಮುಟ್ಟಿತ್ತು. "ಮಾತು ಕೇಳಿದ ಗೂಡು ಅಂತೀರಿ," ಎಂದರು ಶಿವಲಿಂಗಮ್ಮನಿಗೆ. "ಗಟ್ಟಿ ಐತೆ ಅಮ್ಮಾ. ನೂಲಿಗೇನು ಕನ್ನಡ ಬರಲ್ಲ." ಶಿವಲಿಂಗಮ್ಮ ಮನೆಗೆ ಬಂದು ಬಾಗಿಲ ಪಕ್ಕದ ಬ್ಯಾಗನ್ನು ತಾನೇ ಒಳಗೆ ತೆಗೆದುಕೊಂಡು ಹೋಗಿ, ಸೊಸೆಯ ಸೀರೆಗಳನ್ನು ಒಂದೊಂದಾಗಿ ಬೀರುವಿನಲ್ಲಿ ಜೋಡಿಸಿದಳು. ಕ್ಷಮಿಸು ಎಂಬ ಪದ ಆ ಮನೆಯಲ್ಲಿ ಎಂದೂ ಇರಲಿಲ್ಲ.

ಮೌನದ ಚಾಕಿ ಎಂಬ ಹೆಸರು ಬಿದ್ದುಹೋಯಿತು. ಗಿರಾಕಿಗಳೆಲ್ಲ ಇನ್ನು ಬಿಟ್ಟುಹೋಗುತ್ತಾರೆಂದು ನಟರಾಜು ಕೈಕಟ್ಟಿ ಕಾದ. ಕೆಲವರು ಬಿಟ್ಟರು. ಸುಳ್ಳ ಎಂದು ಬೈದು ಹೋದವರಲ್ಲಿ ಹೆಚ್ಚಿನವರು ಒಂದು ಬೆಳೆ ಬೇರೆ ಕಡೆಯ ಚಾಕಿ ತಂದು, ಅರ್ಧ ಕಳೆದುಕೊಂಡು, ಮುಂದಿನ ಬೆಳೆಗೆ ರಮ್ಯಾಳಿಗೆ ಫೋನು ಮಾಡಿದರು. ಹುಳು ಒಳ್ಳೆಯದಿದ್ದರೆ ಸಾಕು, ಸಾಕುವವನ ಗುಣ ಯಾರಿಗೆ ಬೇಕು?

ಆದರೆ ಹೆದರಿದ್ದ ಇನ್ನೊಂದು ಹಾಗೇ ಆಯಿತು. ಜನ ಚಾಕಿ ಮನೆಯ ಗೇಟಿಗೆ ಬಂದು ನಿಲ್ಲತೊಡಗಿದರು. ಮೊದಲ ದಿನ ಬಂದವನಿಗೆ ನಟರಾಜು ಎಂದೂ ಹೇಳದಿದ್ದ ಮಾತೊಂದನ್ನು ಹೇಳಿಬಿಟ್ಟ. "ಹುಳಕ್ಕೇನೂ ಆಗಕಿಲ್ಲಣ್ಣ. ನಂಗೆ ಮಾತು ಸೇರಕಿಲ್ಲ. ಒಬ್ನೇ ಇರ್ಬೇಕು." ಆ ಮನುಷ್ಯ ಸಿಟ್ಟು ಮಾಡಿಕೊಳ್ಳುತ್ತಾನೆಂದುಕೊಂಡರೆ, ಓಹೋ ಹಂಗಾ ಎಂದು ಗಾಡಿ ತಿರುಗಿಸಿಕೊಂಡು ಹೋದ. ನಟರಾಜುವಿಗೆ ಆ ದಿನವೆಲ್ಲ ನಂಬಿಕೆಯೇ ಬರಲಿಲ್ಲ.

ಮುಂದಿನ ಬೆಳೆಗೆ ಚಾಕಿ ಒಯ್ಯಲು ಜಯಶೀಲಳೇ ಬಂದಳು. ತಟ್ಟೆಗಳನ್ನು ಟೆಂಪೋಗೆ ಏರಿಸಿದ ಮೇಲೂ ಹೋಗದೆ ನಿಂತಳು.

"ಅಣ್ಣ, ಅತ್ತೆ ಹೊಗೆಸೊಪ್ಪು ಬುಟ್ಟವ್ರೆ," ಎಂದಳು.

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದು. ಈಗ ಬಾಯಿ ಖಾಲಿ. ಹುಳದ ಮನೇಲಿ ನನ್ನ ಪಕ್ಕಾನೇ ನಿಂತ್ಕೊಂಡು ಹೊತ್ತಾರೆಯಿಂದ ಬೈಗಿನವರ್ಗೂ ಬಯ್ತಾರೆ. ಸೊಪ್ಪು ಹಿಂಗೆ ಹಾಕು, ಹಂಗೆ ಹಾಕು, ನಿಮ್ಮವ್ವ ಏನು ಕಲ್ಸವ್ಳೆ." ಅವಳು ದನಿ ತಗ್ಗಿಸಿದಳು. "ಆ ಸುಳ್ಳನ್ನ ಇನ್ನೊಂದು ಸಲ ಹೇಳಿ. ಎಲ್ಲಾ ಮನೆ ಹೆಣ್ಣುಮಕ್ಳೂ ಕೇಳ್ತಾವ್ರೆ. ಮಾತಾಡಿದ್ರೆ ಸಾಯ್ತವೆ, ಮೊನ್ನೆ ಏನೋ ತಪ್ಪಿ ಬದುಕಿದ್ವು ಅಂತ ಅಂದ್ಬುಡಿ. ನೀವು ಹೇಳಿದ್ರೆ ನಂಬ್ತಾರೆ."

ನಂಬುತ್ತಾರೆ, ಅದರಲ್ಲಿ ಅನುಮಾನವಿರಲಿಲ್ಲ. ಚೆಲುವಯ್ಯನೊಬ್ಬನಿಗೆ ಹೇಳಿದರೆ ಸಾಕು, ನಾಳೆ ಸಂಜೆಯೊಳಗೆ ಗೋಡೆ ಮತ್ತೆ ಎದ್ದು ನಿಲ್ಲುತ್ತದೆ. ಅವನ ಮನಸ್ಸು ಒಂದು ಗಳಿಗೆ ಆ ಕಡೆ ವಾಲಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ಬ್ಯಾಡ," ಎಂದ. "ಮುಂದಿನ ಸಲ ಹುಳ ಸತ್ರೆ ಇನ್ನೊಬ್ಳ ಬ್ಯಾಗು ತುಂಬ್ತಾರೆ."

ಜಯಶೀಲ ನೆಲ ನೋಡಿದಳು. "ಮತ್ತೆ ನಾನೇನು ಮಾಡ್ಲಿ?"

"ನಂಗೆ ಆಗಕಿಲ್ಲ, ಒಸಿ ಸುಮ್ಕಿರಿ ಅಂತ ಹೇಳು. ನಂಗೆ ಹೇಳಿದ್ಯಲ್ಲ, ಹಂಗೆ."

"ಅತ್ತೆಗಾ?" ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಭಯವೂ ಬಂತು. "ಹೇಳಿದ್ರೆ ಏನಾಯ್ತದೋ?"

ನಟರಾಜು ತುಸು ಯೋಚಿಸಿದ. ಆ ವಿಷಯದಲ್ಲಿ ಹೋಬಳಿಯಲ್ಲಿ ಅವನಷ್ಟು ಅನುಭವಸ್ಥ ಇನ್ನೊಬ್ಬನಿರಲಿಲ್ಲ.

"ಹೇಳಿ ನೋಡು," ಎಂದ. "ಯಾವ್ದೂ ಸಾಯಕಿಲ್ಲ."

ಜಯಶೀಲ ಇನ್ನೂ ಏನೋ ಕೇಳುವವಳಿದ್ದಳು. ಅವನ ಮುಖ ನೋಡಿ, ಇವನಿಗೆ ಇಂದಿಗೆ ಇಷ್ಟೇ ಸಾಕೆಂದು ಅರ್ಥಮಾಡಿಕೊಂಡು ಟೆಂಪೋ ಹತ್ತಿದಳು.